ಆಡುವುದಿಲ್ಲ ಎಂದವರು ಕಟ್ಟಿದ ಲೀಗ್

ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್‌ನಲ್ಲಿ 2017ರ ಮಾರ್ಚ್ 31ರಿಂದ ಮಹಿಳೆಯರ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್ ನಡೆಯಬೇಕಿತ್ತು. ಆತಿಥೇಯ ಅಮೆರಿಕವೇ ಹಾಲಿ ಚಾಂಪಿಯನ್. ಟಿಕೆಟ್ ಮಾರಾಟವಾಗಿತ್ತು, ತಯಾರಿ ಮುಗಿಯುತ್ತಾ ಬಂದಿತ್ತು. ಇನ್ನು ಎರಡೇ ವಾರ ಇದೆ ಎನ್ನುವಾಗ, ಮಾರ್ಚ್ 15ರಂದು, ಅಮೆರಿಕ ತಂಡದ ಆಟಗಾರ್ತಿಯರೆಲ್ಲ ಒಟ್ಟಾಗಿ ಒಂದು ಹೇಳಿಕೆ ಕೊಟ್ಟರು: ಸಂಭಾವನೆ ಮತ್ತು ಸೌಲಭ್ಯದ ಮಾತುಕತೆ ಮುಂದೆ ಸಾಗದ ಹೊರತು ನಾವು ಈ ಟೂರ್ನಿಯಲ್ಲಿ ಆಡುವುದಿಲ್ಲ.

ಇವತ್ತು ಅಮೆರಿಕ ಮತ್ತು ಕೆನಡಾದಲ್ಲಿ ಪ್ರೊಫೆಷನಲ್ ವಿಮೆನ್ಸ್ ಹಾಕಿ ಲೀಗ್ ನಡೆಯುತ್ತಿದೆ. ಅದರ ಪಂದ್ಯ ನೋಡಲು ಒಂದೇ ದಿನ ಇಪ್ಪತ್ತೊಂದು ಸಾವಿರ ಜನ ಸೇರಿದ್ದುಂಟು. ಈ ಲೀಗ್ ಹುಟ್ಟಿದ ಬಗೆಯನ್ನು ಹುಡುಕಿಕೊಂಡು ಹೊರಟರೆ ದಾರಿ ಹೋಗಿ ನಿಲ್ಲುವುದು ಆ ಹೇಳಿಕೆಯ ಬುಡದಲ್ಲಿ.

ಕೊರಳಪಟ್ಟಿಯಲ್ಲಿ ಇಲ್ಲದ ಇಸವಿ

ಮಹಿಳೆಯರ ಐಸ್ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಫೈನಲ್‌ನಲ್ಲಿ ಕೆನಡಾವನ್ನು 3-1ರಿಂದ ಸೋಲಿಸಿದ ಅಮೆರಿಕ ಮೊದಲ ಚಿನ್ನ ಗೆದ್ದಿತು. ಆದರೆ 2014ರ ಸೋಚಿ ಒಲಿಂಪಿಕ್ಸ್‌ಗೆ ತಯಾರಾದ ಅಮೆರಿಕದ ಜೆರ್ಸಿಯ ಕೊರಳಪಟ್ಟಿಯ ಒಳಬದಿಯಲ್ಲಿ ಸ್ಮರಣೆಗೆಂದು ಹಾಕಿದ್ದು 1960 ಮತ್ತು 1980, ಈ ಎರಡೇ ಇಸವಿ. ಎರಡೂ ಪುರುಷರ ತಂಡ ಚಿನ್ನ ಗೆದ್ದ ವರ್ಷಗಳು. ಹೆಣ್ಣುಮಕ್ಕಳು ಗೆದ್ದ 1998 ಅಲ್ಲಿ ಇರಲೇ ಇಲ್ಲ. ಅದೇ ಜೆರ್ಸಿಯನ್ನು ತೊಟ್ಟು ಅವರೂ ಆಡಬೇಕಿತ್ತು.

ದುಡ್ಡಿನ ಲೆಕ್ಕವೂ ಹಾಗೆಯೇ ಇತ್ತು. ಯುಎಸ್ಎ ಹಾಕಿ ಸಂಸ್ಥೆ ತಮಗೆ ಕೊಡುತ್ತಿದ್ದುದು ತಿಂಗಳಿಗೆ 1,000 ಡಾಲರ್, ಅದೂ ಒಲಿಂಪಿಕ್ಸ್‌ಗೆ ಮುಂಚಿನ ಆರು ತಿಂಗಳು ಮಾತ್ರ ಎಂದು ಆಟಗಾರ್ತಿಯರು ದೂರಿದರು. ಉಳಿದ ಮೂರೂವರೆ ವರ್ಷ ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕು. ಹುಡುಗರ ತರಬೇತಿ ಕಾರ್ಯಕ್ರಮಕ್ಕೆ ಮಾತ್ರ ಅದೇ ಸಂಸ್ಥೆ ವರ್ಷಕ್ಕೆ ಸುಮಾರು 35 ಲಕ್ಷ ಡಾಲರ್ ಸುರಿಯುತ್ತಿದೆ ಎಂದು ಅವರ ವಕೀಲರು ಎತ್ತಿ ತೋರಿಸಿದರು. ಅಮೆರಿಕದಲ್ಲಿ 1978ರಿಂದ ಜಾರಿಯಲ್ಲಿರುವ ಒಲಿಂಪಿಕ್ ಮತ್ತು ಹವ್ಯಾಸಿ ಕ್ರೀಡಾ ಕಾಯ್ದೆ ಹೆಣ್ಣುಮಕ್ಕಳ ಆಟಕ್ಕೂ ನ್ಯಾಯವಾದ ಬೆಂಬಲ ಕೊಡಬೇಕೆನ್ನುತ್ತದೆ. ಅವರ ವಾದ ನಿಂತದ್ದು ಈ ಕಾಯ್ದೆಯ ಮೇಲೆ.

ಈ ಹೋರಾಟ ರಾತ್ರೋರಾತ್ರಿ ಎದ್ದದ್ದಲ್ಲ. ನಾರ್ತ್ ಡಕೋಟಾದ ಅವಳಿ ಸಹೋದರಿಯರಾದ ಜೋಸೆಲಿನ್ ಮತ್ತು ಮೋನಿಕ್ ಲಾಮರೂ, ನಾಯಕಿ ಮೇಗನ್ ಡಗ್ಗನ್ ಮೊದಲಾದವರು ಬಹಳ ಹಿಂದೆಯೇ ಫಿಲಡೆಲ್ಫಿಯಾದ ವಕೀಲರನ್ನು ಕಂಡು ಮಾತಾಡಿದ್ದರು. ವಕೀಲರು ಶುಲ್ಕ ಪಡೆಯದೆ ಕೆಲಸಕ್ಕೆ ಇಳಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಮಾತುಕತೆಯಿಂದ ಏನೂ ಗಿಟ್ಟದೇ ಹೋದಾಗಲೇ ಬಹಿಷ್ಕಾರದ ನಿರ್ಧಾರಕ್ಕೆ ಬಂದದ್ದು.

ಫೋನ್ ಹಿಡಿದು ಕೂತವರು

ಇಂಥ ಸಂದರ್ಭದಲ್ಲಿ ಆಡಳಿತದವರು ಏನು ಮಾಡುತ್ತಾರೋ ಯುಎಸ್ಎ ಹಾಕಿಯೂ ಅದನ್ನೇ ಮಾಡಿತು. ಇವರಿಲ್ಲದಿದ್ದರೆ ಬೇರೆಯವರು ಎಂದು ಬದಲಿ ತಂಡ ಕಟ್ಟಲು ಹೊರಟಿತು. ಇಡೀ ಕಥೆಯ ತಿರುವು ಇಲ್ಲಿದೆ. ಆಟಗಾರ್ತಿಯರು ಈ ನಡೆಯನ್ನು ಮೊದಲೇ ಊಹಿಸಿದ್ದರು. ಬದಲಿಗೆ ಯಾರ್‍ಯಾರನ್ನು ಕರೆಯಬಹುದು ಎಂದು ತಾವೇ ಪಟ್ಟಿ ಮಾಡಿದರು. ಹೆಸರುಗಳನ್ನು ಹಂಚಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಕಾಲೇಜು ತಂಡಗಳಲ್ಲಿ ಆಡುವವರು, 18 ವರ್ಷದೊಳಗಿನವರ ತಂಡದ ಹುಡುಗಿಯರು, ಆಟ ಬಿಟ್ಟು ಸಂಜೆ ಹೊತ್ತು ಖುಷಿಗಾಗಿ ಆಡುತ್ತಿದ್ದವರು, ಯಾರನ್ನೂ ಬಿಡಲಿಲ್ಲ. ಏನಾಗುತ್ತಿದೆ, ಯಾಕಾಗುತ್ತಿದೆ ಎಂದು ಬಿಡಿಸಿ ಹೇಳಿದರು.

ದೇಶದ ಜೆರ್ಸಿ ತೊಡುವ ಅವಕಾಶ ಹದಿನಾರು-ಹದಿನೇಳರ ಹುಡುಗಿಯೊಬ್ಬಳ ಪಾಲಿಗೆ ಬದುಕಿನಲ್ಲಿ ಒಮ್ಮೆ ಬಂದರೆ ಬಂತು. ಸಂಸ್ಥೆಯ ಕರೆ ಬಂದಾಗ ಅಂಥ ಹುಡುಗಿಯರೂ ಒಲ್ಲೆ ಎಂದರು. ಹನ್ನೆರಡಕ್ಕೂ ಹೆಚ್ಚು ಸೆನೆಟರ್‌ಗಳು ಸಂಸ್ಥೆಗೆ ಪತ್ರ ಬರೆದರು. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಆಟಗಾರರ ಸಂಘಗಳು ಬೆಂಬಲಕ್ಕೆ ನಿಂತವು. ಬದಲಿ ತಂಡ ಕೂಡಿಬರಲೇ ಇಲ್ಲ.

ಟೂರ್ನಿಗೆ ಮೂರು ದಿನ ಇರುವಾಗ, ಮಾರ್ಚ್ 28ರಂದು, ನಾಲ್ಕು ವರ್ಷಗಳ ಒಪ್ಪಂದವಾಯಿತು. ಸಂಬಳ ಏರಿತು. ಪ್ರಯಾಣದಲ್ಲಿ, ವಿಮೆಯಲ್ಲಿ, ದಿನಭತ್ಯೆಯಲ್ಲಿ ಪುರುಷರ ತಂಡಕ್ಕೆ ಇದ್ದದ್ದೇ ಇವರಿಗೂ ಎಂದಾಯಿತು. ಅಭ್ಯಾಸಕ್ಕೆ ಸಿಕ್ಕಿದ್ದು ಎರಡು ಮೂರು ದಿನ. ಆದರೂ ಏಪ್ರಿಲ್ 7ರ ಫೈನಲ್‌ನಲ್ಲಿ ಹಿಲರಿ ನೈಟ್ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲಿನಿಂದ ಕೆನಡಾವನ್ನು 3-2ರಿಂದ ಮಣಿಸಿ ಚಾಂಪಿಯನ್ ಪಟ್ಟ ಉಳಿಸಿಕೊಂಡರು. ಮರುವರ್ಷ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸಮಬಲದ ಗೋಲು ಹೊಡೆದವರು ಮೋನಿಕ್, ಶೂಟೌಟ್‌ನಲ್ಲಿ ಗೆಲುವಿನ ಗೋಲು ಹೊಡೆದವರು ಜೋಸೆಲಿನ್. ಇಪ್ಪತ್ತು ವರ್ಷಗಳ ನಂತರ ಅಮೆರಿಕದ ಹೆಣ್ಣುಮಕ್ಕಳಿಗೆ ಮತ್ತೆ ಚಿನ್ನ ಸಿಕ್ಕಿತು.

ಒಬ್ಬಂಟಿ ಪ್ರತಿಭಟನೆ, ಗುಂಪಿನ ಪ್ರತಿಭಟನೆ

ಅಮೆರಿಕದ ಮೈದಾನಗಳಲ್ಲಿ ರಾಜಕೀಯ ಪ್ರತಿಭಟನೆ ಕಾವೇರಿದ್ದ ಕಾಲ ಅದು. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಖಂಡಿಸಿ 2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ್ದರು. ಬಿಳಿಯರೇ ತುಂಬಿರುವ ಐಸ್ ಹಾಕಿ ಇಂಥದ್ದರಿಂದ ದೂರವೇ ಉಳಿದಿತ್ತು. ತಂಡಕ್ಕಿಂತ ದೊಡ್ಡವರು ಯಾರೂ ಇಲ್ಲ, ಬಾಯಿ ಮುಚ್ಚಿಕೊಂಡು ಆಡು ಎನ್ನುವುದು ಆ ಆಟದ ಹಳೆಯ ಪಾಠ. 2020ರ ಆಗಸ್ಟ್ 1ರಂದು ಎಡ್ಮಂಟನ್‌ನಲ್ಲಿ ಐಸ್ ಹಾಕಿ ಆಟಗಾರ ಮ್ಯಾಟ್ ಡಂಬಾ ವರ್ಣಭೇದದ ವಿರುದ್ಧ ಮಾತಾಡಿ, ಅಮೆರಿಕದ ರಾಷ್ಟ್ರಗೀತೆಗೆ ಮಂಡಿಯೂರಿದಾಗ ಅಂಗಣದ ನಡುವೆ ಹಾಗೆ ಕೂತದ್ದು ಅವರೊಬ್ಬರೇ. ಅಕ್ಕಪಕ್ಕ ನಿಂತಿದ್ದ ಇಬ್ಬರು ಕಪ್ಪು ಆಟಗಾರರು ಅವರ ಹೆಗಲ ಮೇಲೆ ಕೈಯಿಟ್ಟಿದ್ದರು. ಅದೇ ತಿಂಗಳ 26ರಂದು ಇದೇ ಕಾರಣಕ್ಕೆ ಬ್ಯಾಸ್ಕೆಟ್‌ಬಾಲ್ ಆಟಗಾರರು ಆಡಲು ನಿರಾಕರಿಸಿದ ರಾತ್ರಿಯೂ ಹಾಕಿ ಪಂದ್ಯ ನಡೆಯಿತು. ಆಮೇಲೆ ಆಟಗಾರರೇ ಕೇಳಿದ್ದರಿಂದ ಎರಡು ದಿನ ನಿಂತಿತು.

ಒಂಟಿ ದನಿಗೆ ಧೈರ್ಯ ಬೇಕು, ಅದರ ಬೆಲೆಯೂ ದೊಡ್ಡದು. ಮಹಿಳಾ ತಂಡ ತೋರಿಸಿಕೊಟ್ಟ ದಾರಿ ಬೇರೆ. ಬಾಯಿ ಮುಚ್ಚಿಸಲು ಬಳಸುತ್ತಿದ್ದ ತಂಡನಿಷ್ಠೆಯನ್ನೇ ಅವರು ಬಾಯಿ ತೆರೆಯಲು ಬಳಸಿದರು. ಯಾರೊಬ್ಬರನ್ನೂ ಹೊರಗೆಳೆದು ಶಿಕ್ಷಿಸಲು ಆಗದಂತೆ ಎಲ್ಲರೂ ಸೇರಿ ಬೇಡವೆಂದರು. ಮುಂದೆ ಲೀಗ್ ಕಟ್ಟುವಾಗ ಕೈಹಿಡಿದದ್ದೂ ಇದೇ ಒಗ್ಗಟ್ಟು.

ಲೀಗ್ ಇಲ್ಲದ ನಾಲ್ಕು ವರ್ಷ

ರಾಷ್ಟ್ರೀಯ ತಂಡದ ಗೋಳು ತಕ್ಕಮಟ್ಟಿಗೆ ತೀರಿತಾದರೂ, ವರ್ಷವಿಡೀ ಆಡಿ ಬದುಕುವಂಥ ಲೀಗ್ ಇರಲಿಲ್ಲ. 2007ರಲ್ಲಿ ಶುರುವಾದ ಕೆನಡಾದ ಲೀಗ್ ಹತ್ತು ವರ್ಷ ಸಂಬಳವನ್ನೇ ಕೊಡಲಿಲ್ಲ. 2015ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೀಗ್ ಸಂಬಳ ಕೊಟ್ಟಿತಾದರೂ ಎರಡನೇ ವರ್ಷವೇ ಟೂರ್ನಿಯ ನಡುವೆ ಅದಕ್ಕೆ ಕತ್ತರಿ ಹಾಕಿತು. 2019ರ ಮಾರ್ಚ್ ಕೊನೆಯಲ್ಲಿ, ಫೈನಲ್ ಮುಗಿದ ಒಂದೇ ವಾರಕ್ಕೆ, ಕೆನಡಾದ ಲೀಗ್ ಬಾಗಿಲು ಮುಚ್ಚುವುದಾಗಿ ಹೇಳಿತು.

ಉಳಿದಿದ್ದ ಒಂದು ಲೀಗ್‌ಗೆ ಹೋಗಿ ಸೇರಿಕೊಳ್ಳುವುದು ಸುಲಭವಿತ್ತು. ಆದರೆ ಮೇ 2ರಂದು ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು, ಜೀವನಕ್ಕೆ ಸಾಕಾಗುವ ಸಂಬಳ, ಆರೋಗ್ಯ ವಿಮೆ ಇರುವ ಲೀಗ್ ಬರುವವರೆಗೆ ಉತ್ತರ ಅಮೆರಿಕದ ಯಾವ ವೃತ್ತಿಪರ ಲೀಗ್‌ನಲ್ಲೂ ಆಡುವುದಿಲ್ಲ ಎಂದು ಸಾರಿದರು. ಅಮೆರಿಕ, ಕೆನಡಾ ಎಂಬ ಹಳೆಯ ವೈರವನ್ನು ಬದಿಗಿಟ್ಟು ಅದೇ ತಿಂಗಳು ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಹೊಣೆ ಹೊತ್ತವರು ಕೆನಡಾದ ಹಿರಿಯ ಆಟಗಾರ್ತಿ ಜೇನಾ ಹೆಫರ್ಡ್. ಸಲಹೆಗೆ ಸಿಕ್ಕವರು ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್. 1970ರಲ್ಲಿ ಹ್ಯೂಸ್ಟನ್‌ನಲ್ಲಿ ಎಂಟು ಜೊತೆಗಾತಿಯರೊಂದಿಗೆ ಒಂದೊಂದು ಡಾಲರಿನ ಕರಾರಿಗೆ ಸಹಿ ಹಾಕಿ ಮಹಿಳಾ ಟೆನಿಸ್‌ನ ವೃತ್ತಿಪರ ಸರಣಿಗೆ ತಳಪಾಯ ಹಾಕಿದ್ದವರು ಅವರು.

ನಂತರದ ನಾಲ್ಕು ವರ್ಷ ಅವರು ಊರೂರು ಸುತ್ತಿ ಪ್ರದರ್ಶನ ಪಂದ್ಯಗಳನ್ನು ಆಡಿದರು. ನಡುವೆ ಕೊರೊನಾ ಬಂತು. ವಯಸ್ಸು ಯಾರಿಗೂ ಕಾಯಲಿಲ್ಲ. 2020ರಲ್ಲಿ ಮೇಗನ್ ಡಗ್ಗನ್, 2021ರಲ್ಲಿ ಲಾಮರೂ ಸಹೋದರಿಯರು ನಿವೃತ್ತರಾದರು. ಬಹಿಷ್ಕಾರದ ಮುಂಚೂಣಿಯಲ್ಲಿದ್ದ ಈ ಮೂವರೂ ಹೊಸ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಮೊದಲು ಕರಾರು, ಆಮೇಲೆ ಆಟ

ಲಾಸ್ ಏಂಜಲೀಸ್ ಡಾಜರ್ಸ್ ಬೇಸ್‌ಬಾಲ್ ತಂಡದ ಒಡೆಯ ಮಾರ್ಕ್ ವಾಲ್ಟರ್ ಹಣ ಹೂಡಲು ಮುಂದೆ ಬಂದರು. 2023ರ ಜೂನ್ ಕೊನೆಯಲ್ಲಿ ವಾಲ್ಟರ್ ಮತ್ತು ಕಿಂಗ್ ಅವರ ಸಂಸ್ಥೆಗಳು ಉಳಿದಿದ್ದ ಆ ಒಂದು ಲೀಗನ್ನು ಕೊಂಡು ಮುಚ್ಚಿದವು. ಗಮನಿಸಬೇಕಾದ್ದು ಮುಂದಿನ ಹೆಜ್ಜೆ. ತಂಡಗಳ ಹೆಸರಿಲ್ಲ, ಊರುಗಳು ಗೊತ್ತಿಲ್ಲ, ಆಟಗಾರ್ತಿಯರ ಆಯ್ಕೆ ನಡೆದಿಲ್ಲ. ಅಷ್ಟರೊಳಗೆ, ಜುಲೈ ಮೊದಲ ವಾರದಲ್ಲೇ, 2031ರವರೆಗಿನ ಸಾಮೂಹಿಕ ಕರಾರಿಗೆ ಆಟಗಾರ್ತಿಯರು ಮತ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಕನಿಷ್ಠ ಸಂಬಳ ವರ್ಷಕ್ಕೆ 35,000 ಡಾಲರ್. ಪ್ರತಿ ತಂಡದ ಆರು ಮಂದಿಗಾದರೂ 80,000 ಡಾಲರಿಗೆ ಕಡಿಮೆಯಿಲ್ಲ. ಮನೆ ಬಾಡಿಗೆಗೆ ನೆರವು, ಬಸಿರು-ಬಾಣಂತನದ ರಜೆ, ಆರೋಗ್ಯ ವಿಮೆ ಎಲ್ಲವೂ ಲಿಖಿತವಾಗಿತ್ತು.

ಈ ಗೆಲುವಿಗೆ ನೋವಿನ ಇನ್ನೊಂದು ಮುಖವಿದೆ. ಮುಚ್ಚಿಹೋದ ಲೀಗ್‌ನಲ್ಲಿ ಏಳು ತಂಡಗಳಿದ್ದವು. ಅಲ್ಲಿನ ಆಟಗಾರ್ತಿಯರ ಕರಾರುಗಳೆಲ್ಲ ರದ್ದಾದವು. ಹೊಸದರಲ್ಲಿ ಇದ್ದದ್ದು ಆರೇ ತಂಡ. ಅನೇಕರಿಗೆ ಜಾಗ ಸಿಗಲಿಲ್ಲ, ಹೊಸ ಕರಾರಿನ ಮಾತುಕತೆಯಲ್ಲಿ ಅವರ ಪಾಲೂ ಇರಲಿಲ್ಲ. ಒಗ್ಗಟ್ಟಿನಿಂದ ಬಂದ ಲೀಗ್ ಈ ಅನ್ಯಾಯವನ್ನು ಮರೆಯಬಾರದು.

ತಂಡ ಕಟ್ಟುವ ಕೆಲಸ ಓಡೋಡುತ್ತಾ ನಡೆಯಿತು. ಬಾಸ್ಟನ್, ಮಿನೆಸೋಟ, ನ್ಯೂಯಾರ್ಕ್, ಮಾಂಟ್ರಿಯಲ್, ಒಟ್ಟಾವಾ, ಟೊರಾಂಟೊ ಎಂದು ಊರುಗಳನ್ನು ಆಗಸ್ಟ್‌ನಲ್ಲಿ ಪ್ರಕಟಿಸಿದರು. ಪ್ರತಿ ತಂಡ ಮೊದಲು ಮೂವರನ್ನು ನೇರವಾಗಿ ಸೇರಿಸಿಕೊಂಡಿತು. ಸೆಪ್ಟೆಂಬರ್ 18ರ ಡ್ರಾಫ್ಟ್‌ನಲ್ಲಿ ಹದಿನೈದು ಸುತ್ತುಗಳಲ್ಲಿ 90 ಆಟಗಾರ್ತಿಯರು ಹಂಚಿಹೋದರು. ಒಂದು ಸುತ್ತಿನಲ್ಲಿ ಕೊನೆಗೆ ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೊದಲ ಆಯ್ಕೆ, ಹಾಗಾಗಿ ಬಲ ಒಂದೇ ಕಡೆ ವಾಲಲಿಲ್ಲ. ತಂಡಕ್ಕೆ ಹೆಸರು, ಲಾಂಛನ ಮಾಡಲೂ ಪುರುಸೊತ್ತಿರಲಿಲ್ಲ. ಮೊದಲ ವರ್ಷದ ಜೆರ್ಸಿಯ ಎದೆಯ ಮೇಲೆ ಓರೆಯಾಗಿ ಬರೆದಿದ್ದದ್ದು ಊರಿನ ಹೆಸರು ಮಾತ್ರ.

2024ರ ಜನವರಿ 1ರಂದು ಟೊರಾಂಟೊದಲ್ಲಿ ಮೊದಲ ಪಂದ್ಯ. ಮೊದಲ ಗೋಲು ನ್ಯೂಯಾರ್ಕ್‌ನ ಎಲ್ಲಾ ಶೆಲ್ಟನ್ ಅವರದು, ತಂಡ ಗೆದ್ದದ್ದು 4-0ಯಿಂದ. ಏಪ್ರಿಲ್ 20ರಂದು ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ 21,105 ಮಂದಿ ಸೇರಿದರು. ಮಹಿಳಾ ಐಸ್ ಹಾಕಿಯಲ್ಲಿ ಅದು ವಿಶ್ವದಾಖಲೆ. ಲೀಗ್‌ನ ಟ್ರೋಫಿಯಾದ ವಾಲ್ಟರ್ ಕಪ್ಪನ್ನು ಮೊದಲು ಗೆದ್ದ ಮಿನೆಸೋಟ ತಂಡದ ನಾಯಕಿ ಕೆಂಡಲ್ ಕಾಯ್ನ್ ಸ್ಕೋಫೀಲ್ಡ್ 2017ರ ಬಹಿಷ್ಕಾರದಲ್ಲೂ, 2019ರ ನಿರಾಕರಣೆಯಲ್ಲೂ ಮುಂದೆ ನಿಂತಿದ್ದವರು. 2025ರಲ್ಲಿ ವ್ಯಾಂಕೂವರ್ ಮತ್ತು ಸಿಯಾಟಲ್ ಸೇರಿ ತಂಡಗಳು ಎಂಟಾದವು.

ನಾವು ಕಲಿಯಬೇಕಾದ್ದು

ನಮ್ಮ ದೇಶದ ಹಾಕಿಗೂ ಇಂಥ ನೆನಪೊಂದಿದೆ. 2010ರ ಜನವರಿಯಲ್ಲಿ, ದಿಲ್ಲಿಯ ವಿಶ್ವಕಪ್‌ಗೆ ಕೆಲವೇ ವಾರಗಳಿದ್ದಾಗ, ಪುಣೆಯ ಶಿಬಿರದಲ್ಲಿದ್ದ ಭಾರತ ತಂಡದ ಆಟಗಾರರು ಬಾಕಿ ಹಣಕ್ಕಾಗಿ ಅಭ್ಯಾಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು, ಆಟ ಮುಂದುವರಿಯಿತು. 2023ರಲ್ಲಿ ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟುಗಳು ಜಂತರ್ ಮಂತರ್‌ನ ಬೀದಿಯಲ್ಲಿ ವಾರಗಟ್ಟಲೆ ಕೂರಬೇಕಾಯಿತು. ಆದರೆ ಅಮೆರಿಕದ ಹೆಣ್ಣುಮಕ್ಕಳು ಒಪ್ಪಂದವಾದ ಮೇಲೂ ಚದುರಿಹೋಗಲಿಲ್ಲ. ಸಂಘ ಕಟ್ಟಿದರು, ಸಂಘವೇ ಲೀಗನ್ನು ತಂದಿತು.

ನಮ್ಮಲ್ಲೂ 2025ರ ಜನವರಿಯಲ್ಲಿ ರಾಂಚಿಯಲ್ಲಿ ನಾಲ್ಕು ತಂಡಗಳೊಂದಿಗೆ ಮಹಿಳೆಯರ ಹಾಕಿ ಇಂಡಿಯಾ ಲೀಗ್ ಶುರುವಾಗಿದೆ. ಇದು ಬೆಳೆಯಬೇಕು ಎನ್ನುವವರು ಮೊದಲು ಕೇಳಬೇಕಾದ್ದು ತಂಡಗಳ ಬಣ್ಣ, ಹರಾಜಿನ ಮೊತ್ತಗಳನ್ನಲ್ಲ. ಆಟಗಾರ್ತಿಯರಿಗೆ ತಮ್ಮದೇ ಸಂಘ ಇರಬೇಕು, ಗಾಯಕ್ಕೆ, ಬಾಣಂತನಕ್ಕೆ, ಬಾಕಿ ಸಂಬಳಕ್ಕೆ ಉತ್ತರ ಹೇಳುವ ಲಿಖಿತ ಕರಾರು ಇರಬೇಕು, ಅದನ್ನು ಬರೆಯುವಾಗ ಅವರನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಲೀಗ್ ನಡೆಸುವವರು ಇದನ್ನು ತಾವಾಗಿ ಮಾಡಲಿ. ಮಾಡದಿದ್ದರೆ, ಆಡುವುದಿಲ್ಲ ಎಂದು ಹೆಣ್ಣುಮಕ್ಕಳು ಒಟ್ಟಾಗಿ ನಿಂತ ದಿನ ನಾವು ಪ್ರೇಕ್ಷಕರು ಅವರ ಜೊತೆ ನಿಲ್ಲೋಣ.