ವಿಳಾಸದ ಕಲಂ ಖಾಲಿ ಬಿಟ್ಟವರ ಲೆಕ್ಕ

ಜನಗಣತಿಯವರು ಮನೆಯಿಲ್ಲದವರನ್ನು ಎಣಿಸುವುದು ಒಂದೇ ರಾತ್ರಿ. ಕಳೆದ ಬಾರಿ ಅದು ನಡೆದದ್ದು 2011ರ ಫೆಬ್ರುವರಿ 28ರಂದು. ರಸ್ತೆ ಬದಿ, ಮೇಲ್ಸೇತುವೆಯ ಅಡಿ, ರೈಲು ನಿಲ್ದಾಣದ ಪ್ಲಾಟ್‌ಫಾರಂ, ದೊಡ್ಡ ಸಿಮೆಂಟ್ ಪೈಪು, ದೇವಸ್ಥಾನದ ಮಂಟಪ ಇಂಥ ಕಡೆಯೆಲ್ಲ ಮಲಗಿದ್ದವರನ್ನು ಹುಡುಕಿ ಬರೆದುಕೊಂಡರು. ದೇಶದಲ್ಲಿ 17.7 ಲಕ್ಷ ಜನ ಲೆಕ್ಕಕ್ಕೆ ಸಿಕ್ಕರು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಬೆಳಗಾದ ಮೇಲೆ ಅವರು ಎತ್ತ ಹೋದರು, ಮುಂದಿನ ತಿಂಗಳು ಎಲ್ಲಿದ್ದರು, ಎಷ್ಟು ಮಂದಿಗೆ ಸೂರು ಸಿಕ್ಕಿತು ಎಂಬುದು ಆ ಲೆಕ್ಕದಲ್ಲಿ ಇಲ್ಲ. ಅದು ಜನಗಣತಿಯ ಕೆಲಸವೂ ಅಲ್ಲ. ಆ ಕೆಲಸಕ್ಕೆ ಬೇರೆಯದೇ ವ್ಯವಸ್ಥೆ ಬೇಕು, ಅದು ಹೇಗಿರಬೇಕು ಎಂಬುದನ್ನು ಕಟ್ಟುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಕೆಂಗಲ್ ಅನ್ನೇ ತೆಗೆದುಕೊಳ್ಳೋಣ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಸೇರುವ ಮೊದಲು ಸಿಗುವ ಊರು. ಶನಿವಾರ ಬಂತೆಂದರೆ ಆಂಜನೇಯಸ್ವಾಮಿಯ ಗುಡಿಗೆ ಜನ ಬರುತ್ತಾರೆ. ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಗಂತೂ ಸುತ್ತಲ ಸೀಮೆಯೆಲ್ಲ ಬಂದು ಬಯಲಿನಲ್ಲೇ ಬೀಡುಬಿಡುತ್ತದೆ. ಜನ ಸೇರುವ ಕಡೆ ಒಂದು ಹೊತ್ತಿನ ಊಟ ಸಿಗುತ್ತದೆ, ಆದ್ದರಿಂದ ಮನೆಯಿಲ್ಲದವರೂ ಬರುತ್ತಾರೆ. ಒಂದು ಕಡೆಗೆ ಹೋದರೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ, ಅಲ್ಲಿ ಮೂಟೆ ಹೊರುವ ಕೂಲಿ, ರೈಲು ನಿಲ್ದಾಣ. ಇನ್ನೊಂದು ಕಡೆಗೆ ಚನ್ನಪಟ್ಟಣದ ಬಸ್ ನಿಲ್ದಾಣ. ಶುಕ್ರವಾರ ರಾಮನಗರದಲ್ಲಿ ಮಲಗಿದವನು ಶನಿವಾರ ಕೆಂಗಲ್‌ನಲ್ಲಿ, ಭಾನುವಾರ ಚನ್ನಪಟ್ಟಣದಲ್ಲಿ ಮಲಗಬಹುದು. ಮೂರು ಕಡೆಯವರೂ ಬರೆದುಕೊಂಡರೆ ಅವನು ಮೂರು ಜನ. ಅವನು ತಮ್ಮವನಲ್ಲ ಎಂದು ಮೂರು ಕಡೆಯವರೂ ಕೈಬಿಟ್ಟರೆ ಅವನು ಲೆಕ್ಕದಲ್ಲೇ ಇಲ್ಲ.

ಇದರಲ್ಲಿ ಒಂದು ಗಡಿ ತಕರಾರೂ ಇದೆ. 2010ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕೆಂದು ಹೇಳಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿಸಿತು: ಲಕ್ಷ ಜನರಿಗೆ ನೂರು ಮಂದಿ ತಂಗುವಷ್ಟು ಜಾಗ, ಒಬ್ಬೊಬ್ಬರಿಗೆ 50 ಚದರಡಿ. ಆದರೆ ಹೆಸರೇ ಹೇಳುವಂತೆ ಅದು ನಗರದ ಯೋಜನೆಯಾಗಿತ್ತು. 2011ರಲ್ಲಿ ಎಣಿಕೆಗೆ ಸಿಕ್ಕ ಮನೆಯಿಲ್ಲದವರಲ್ಲಿ 8.3 ಲಕ್ಷ ಮಂದಿ ಇದ್ದದ್ದು ಗ್ರಾಮಾಂತರದಲ್ಲಿ, ಅಂದರೆ ಹತ್ತಿರಹತ್ತಿರ ಅರ್ಧ. ಎರಡು ನಗರಗಳ ನಡುವಿನ ಗುಡಿಯ ಮುಂದೆ ಮಲಗಿದವನು ಯಾವ ನಗರಸಭೆಯ ಲೆಕ್ಕಕ್ಕೆ ಸೇರಬೇಕು? ಇಂಥ ವ್ಯವಸ್ಥೆಗೆ ಬೇಕಾದದ್ದರ ನನ್ನ ಪಟ್ಟಿಯಲ್ಲಿ ಮೊದಲ ಅಗತ್ಯವೇ ಇದು: ದಾಖಲೆಯ ಘಟಕ ವಾರ್ಡ್ ಆಗಬಾರದು, ಜನ ನಡೆದಾಡುವ ದಾರಿಯಾಗಬೇಕು. ಇಲ್ಲಿ ಅದು ಬಿಡದಿಯಿಂದ ಮದ್ದೂರಿನವರೆಗಿನ ಹೆದ್ದಾರಿ ಎಂದಾದರೆ ಜಿಲ್ಲೆಯ ಗಡಿಯನ್ನೂ ದಾಟಬೇಕಾಗುತ್ತದೆ. ದಾಟಲಿ.

ಸಾಫ್ಟ್‌ವೇರ್ ಕಟ್ಟುವವರು ಅಗತ್ಯಗಳನ್ನು ಹೀಗೆ ಪಟ್ಟಿಮಾಡುವ ಹಂತವನ್ನು ಅಗತ್ಯಗಳ ನಿರೂಪಣೆ ಎನ್ನುತ್ತಾರೆ. ವ್ಯವಸ್ಥೆ ಏನು ಮಾಡಬೇಕು, ಏನನ್ನು ಎಂದಿಗೂ ಮಾಡಬಾರದು, ಮಾಡಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎಂಬ ಮೂರನ್ನೂ ಕೋಡ್ ಬರೆಯುವ ಮೊದಲೇ ಕಾಗದಕ್ಕೆ ಇಳಿಸಬೇಕು. ಇಲ್ಲಿ ತಪ್ಪಿದರೆ ಆಮೇಲೆ ತಿದ್ದುವುದಕ್ಕೆ ಹಲವು ಪಟ್ಟು ಖರ್ಚು. ಸರ್ಕಾರಿ ವ್ಯವಸ್ಥೆಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಮೇಲಿನಿಂದ ಇಳಿದು ಬರುತ್ತದೆ: ಬೆಂಗಳೂರಿಗೆ ಯಾವ ವರದಿ ಬೇಕು, ದೆಹಲಿಗೆ ಯಾವ ನಮೂನೆ ಬೇಕು. ಮನೆಯಿಲ್ಲದವರ ವಿಷಯದಲ್ಲಿ ಅದನ್ನು ಚಾಪೆಯ ಮೇಲೆ ಮಲಗಿದವನಿಂದ ಶುರುಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕರುಣೆಯಷ್ಟೇ ಕಾರಣವಲ್ಲ. ಮೇಲಿನಿಂದ ಶುರುವಾದ ಪಟ್ಟಿ ಕೊಡುವ ಸಂಖ್ಯೆಯೇ ತಪ್ಪಾಗಿರುತ್ತದೆ.

ಹೇಗೆ ತಪ್ಪುತ್ತದೆ ನೋಡಿ. ಇಲ್ಲಿಗೆ ಹತ್ತಿರದ ಕಣ್ವ ಜಲಾಶಯದಲ್ಲಿ ಇವತ್ತು ಎಷ್ಟು ನೀರು ನಿಂತಿದೆ ಎಂಬುದು ಒಂದು ಲೆಕ್ಕ, ವರ್ಷದಲ್ಲಿ ಎಷ್ಟು ನೀರು ಒಳಬಂದು ಹೊರಹೋಯಿತು ಎಂಬುದು ಇನ್ನೊಂದು. ಒಂದನ್ನು ಅಳೆದು ಇನ್ನೊಂದನ್ನು ಹೇಳಲಾಗದು. 50 ಹಾಸಿಗೆಯ ಒಂದು ಆಶ್ರಯ ಕೇಂದ್ರ ವರ್ಷವಿಡೀ ಭರ್ತಿಯಾಗಿದೆ ಎಂದುಕೊಳ್ಳೋಣ. ಅದರಲ್ಲಿ 20 ಹಾಸಿಗೆಗಳಲ್ಲಿ ಅದೇ 20 ಜನ ವರ್ಷಪೂರ್ತಿ ಇರುತ್ತಾರೆ. ಉಳಿದ 30 ಹಾಸಿಗೆಗಳಿಗೆ ಬರುವವರು ತಲಾ ಹತ್ತು ರಾತ್ರಿ ಇದ್ದು ಹೋಗುತ್ತಾರೆ. ಯಾವ ರಾತ್ರಿ ಹೋಗಿ ಎಣಿಸಿದರೂ ನೂರಕ್ಕೆ 40 ಮಂದಿ ಕಾಯಂ ನಿವಾಸಿಗಳೇ ಕಾಣುತ್ತಾರೆ. ವರ್ಷದ ಕೊನೆಗೆ ತಲೆ ಎಣಿಸಿದರೆ ಬಂದುಹೋದವರು 1,095, ಕಾಯಂ ಇದ್ದವರು 20, ಅಂದರೆ ನೂರಕ್ಕೆ ಎರಡೂ ಇಲ್ಲ. ಕೇಂದ್ರ ಅದೇ, ವರ್ಷವೂ ಅದೇ. ಆದರೆ ಎರಡು ಲೆಕ್ಕ ಎರಡು ಬೇರೆ ಕಾಯಿಲೆಗಳನ್ನು ತೋರಿಸುತ್ತವೆ. ಬಹುಪಾಲು ಮಂದಿಗೆ ಬೇಕಿರುವುದು ಕೆಲವು ದಿನದ ಆಸರೆ, ಒಂದು ಕೆಲಸ, ಊರಿಗೆ ಮರಳಲು ಬಸ್ ಚಾರ್ಜು. ಆ ಇಪ್ಪತ್ತು ಮಂದಿಗೆ ಬೇಕಿರುವುದು ಮನೆ, ಔಷಧಿ, ನೋಡಿಕೊಳ್ಳುವವರು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ರಾಂಡಲ್ ಕುನ್ ಮತ್ತು ಡೆನ್ನಿಸ್ ಕಲ್ಹೇನ್ 1998ರಲ್ಲಿ ನ್ಯೂಯಾರ್ಕ್ ಹಾಗೂ ಫಿಲಡೆಲ್ಫಿಯಾದ ಆಶ್ರಯ ಕೇಂದ್ರಗಳ ದಾಖಲೆಗಳನ್ನು ಜಾಲಾಡಿದಾಗ ಇಂಥದೇ ಚಿತ್ರ ಕಂಡಿತು. ಬಂದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಸ್ವಲ್ಪ ಕಾಲ ಇದ್ದು ಹೋದವರು. ಇನ್ನು ಹತ್ತು ಮಂದಿ ಮತ್ತೆ ಮತ್ತೆ ಬಂದವರು. ಉಳಿದ ಹತ್ತು ಮಂದಿ ಬಹುಕಾಲ ಅಲ್ಲೇ ಉಳಿದವರು. ಒಟ್ಟು ತಂಗಿದ ದಿನಗಳಲ್ಲಿ ಸರಿಸುಮಾರು ಅರ್ಧ ಈ ಕೊನೆಯ ಹತ್ತು ಮಂದಿಯದೇ. ಆ ದೇಶದ ನೀತಿಯ ದಿಕ್ಕು ಬದಲಾಗುವುದಕ್ಕೆ ಈ ಬಗೆಯ ಅಧ್ಯಯನಗಳು ಬಹುಮಟ್ಟಿಗೆ ಕಾರಣವಾದವು. 2001ರಲ್ಲಿ ಅಮೆರಿಕದ ಸಂಸತ್ತು ಊರೂರಿನಲ್ಲೂ ಇಂಥ ದತ್ತಾಂಶ ವ್ಯವಸ್ಥೆ ಬೇಕೆಂದು ಸೂಚಿಸಿತು. 2004ರಲ್ಲಿ ಅದಕ್ಕೆ ಮಾನದಂಡ ಬಂತು. ಇಷ್ಟೆಲ್ಲ ಸಾಧ್ಯವಾದದ್ದು ಬಂದ ದಿನ, ಹೋದ ದಿನ ಎಂಬ ಎರಡು ಕಲಂಗಳಿಂದ. ನಮ್ಮ ಕೇಂದ್ರಗಳಲ್ಲೂ ಹಾಜರಿ ಪುಸ್ತಕ ಇಡುತ್ತಾರೆ. ಹೋದ ದಿನದ ಕಲಂ ಕಡ್ಡಾಯವಾಗಬೇಕು.

ಆದರೆ ಆ ಇಪ್ಪತ್ತು ಮಂದಿ ಅದೇ ಇಪ್ಪತ್ತು ಮಂದಿ ಎಂದು ಗೊತ್ತಾಗುವುದು ಹೇಗೆ? ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದು. ಗುಡಿಯ ಮುಂದೆ ಕೂತ ಒಬ್ಬ ಅಜ್ಜನನ್ನು ಕೇಳುತ್ತೀರಿ ಎಂದುಕೊಳ್ಳಿ.

“ಹೆಸರೇನಜ್ಜ?”

“ಅನ್ಮಂತ.”

“ಯಾವೂರು?”

“ಇಲ್ಲೇ, ಕನಕ್ಪುರದ್ ಕಡೆ.”

“ವಯಸ್ಸೆಷ್ಟಾಯ್ತು?”

“ಆಯ್ತಪ್ಪ, ಅರವತ್ತೋ ಎಪ್ಪತ್ತೋ.”

ಬರೆದುಕೊಳ್ಳುವವರು ಒಬ್ಬರು ಹನುಮಂತ ಎನ್ನುತ್ತಾರೆ, ಇನ್ನೊಬ್ಬರು ಕೇಳಿದಂತೆಯೇ ಅನ್ಮಂತ ಎಂದು ಬರೆಯುತ್ತಾರೆ, ಆಸ್ಪತ್ರೆಯ ಚೀಟಿಯಲ್ಲಿ ಹನುಮಂತಯ್ಯ ಇರುತ್ತದೆ. ಈ ಕಡೆಯ ಆಡುಮಾತಿನಲ್ಲಿ ಹಕಾರ ಬಿದ್ದುಹೋಗುವುದು ಎಲ್ಲರಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇನ್ನೊಂದು ತೊಡಕು ಇದಕ್ಕೆ ಉಲ್ಟಾ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಸೀಮೆ ಇದು. ಗುಡಿಯ ದೇವರ ಹೆಸರು ಬೀದಿಗಿಬ್ಬರಿಗೆ ಇದ್ದೀತು. ಒಬ್ಬನನ್ನು ಮೂವರಾಗಿಸುವ ತಪ್ಪು ಒಂದು, ಮೂವರನ್ನು ಒಬ್ಬನಾಗಿಸುವ ತಪ್ಪು ಇನ್ನೊಂದು.

ಈ ಸಮಸ್ಯೆಗೆ 1969ರಲ್ಲಿ ಐವಾನ್ ಫೆಲೆಗಿ ಮತ್ತು ಅಲನ್ ಸಂಟರ್ ಒಂದು ಗಣಿತದ ಚೌಕಟ್ಟು ಕೊಟ್ಟರು, ಇಂದಿಗೂ ದಾಖಲೆ ಜೋಡಣೆಗೆ ಅದೇ ತಳಹದಿ. ಅದರ ತಿರುಳು ಸರಳ: ಎರಡು ದಾಖಲೆಗಳಲ್ಲಿ ಒಂದು ವಿವರ ಹೊಂದಿಕೊಂಡರೆ, ಆ ವಿವರ ಎಷ್ಟು ಅಪರೂಪವೋ ಅಷ್ಟು ತೂಕ ಕೊಡು. ಒಬ್ಬನೇ ವ್ಯಕ್ತಿಯ ಎರಡು ದಾಖಲೆಗಳಲ್ಲಿ ಹೆಸರು ಹೊಂದುವ ಸಾಧ್ಯತೆ ನೂರಕ್ಕೆ 90 ಎಂದುಕೊಳ್ಳಿ. ಊರಿನಲ್ಲಿ ಇಪ್ಪತ್ತಕ್ಕೊಬ್ಬರಿಗೆ, ಅಂದರೆ ನೂರಕ್ಕೆ ಐವರಿಗೆ, ಆ ಹೆಸರಿದ್ದರೆ, ತೊಂಬತ್ತನ್ನು ಐದರಿಂದ ಭಾಗಿಸಿ ಹೊಂದಾಣಿಕೆಯ ಬೆಲೆ 18 ಪಟ್ಟು. ಸಾವಿರಕ್ಕೊಬ್ಬರಿಗೆ ಇರುವ ಹೆಸರಾದರೆ 900 ಪಟ್ಟು. ಹಾಗಾಗಿ ಕೆಂಗಲ್‌ನಲ್ಲಿ ಹನುಮಂತ ಎಂಬ ಹೆಸರು ಹೊಂದಿದರೆ ಸಾಲದು. ಎಡಗೈ ಮೇಲಿನ ಹಳೆಯ ಸುಟ್ಟ ಗಾಯ, ತಾಯಿಯ ಹೆಸರು, ಹುಟ್ಟೂರಿನ ಹೋಬಳಿ ಇವು ಹೆಚ್ಚು ಹೇಳುತ್ತವೆ. ಇದರಿಂದ ಹೊರಡುವ ಅಗತ್ಯಗಳು ಸ್ಪಷ್ಟ: ಹೆಸರನ್ನು ಹೇಳಿದಂತೆಯೇ ಕನ್ನಡದಲ್ಲಿ ಬರೆಯಬೇಕು, ಕರೆಯುವ ಹೆಸರಿಗೆ ಬೇರೆ ಜಾಗ ಇರಬೇಕು, ವಯಸ್ಸಿಗೆ ಸುಮಾರು ಎಂಬ ಗುರುತು ಇರಬೇಕು. ಅರವತ್ತು, ಎಪ್ಪತ್ತು ಎಂಬ ದುಂಡು ಸಂಖ್ಯೆಯನ್ನು ಹುಟ್ಟಿದ ಇಸವಿಯಾಗಿ ಪರಿವರ್ತಿಸಿ ಅದೇ ಸತ್ಯವೆಂದು ನಂಬುವ ಯಂತ್ರ ಮುಂದೆಲ್ಲ ಎಡವುತ್ತದೆ.

ಜೋಡಣೆ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. ಬೀದಿಯಲ್ಲಿರುವವರ ಒಟ್ಟು ಸಂಖ್ಯೆಯನ್ನು ಅಂದಾಜಿಸಲು ಎರಡು ಪಟ್ಟಿಗಳನ್ನು ಹೋಲಿಸುವ ವಿಧಾನ ಒಂದಿದೆ. ಕಾಡುಪ್ರಾಣಿಗಳನ್ನೂ ಹೀಗೇ ಎಣಿಸುತ್ತಾರೆ. ಆಶ್ರಯ ಕೇಂದ್ರದ ಪಟ್ಟಿಯಲ್ಲಿ 60 ಜನ, ನಡುರಾತ್ರಿಯ ಸುತ್ತಿನಲ್ಲಿ ಸಿಕ್ಕವರು 50, ಎರಡರಲ್ಲೂ ಇರುವವರು 20 ಎಂದಾದರೆ, ಅರವತ್ತನ್ನು ಐವತ್ತರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಬೇಕು: ಒಟ್ಟು ಅಂದಾಜು 150. ಆ ಇಪ್ಪತ್ತರಲ್ಲಿ ಹತ್ತು ಮಂದಿಯನ್ನು ಅನ್ಮಂತ–ಹನುಮಂತಯ್ಯ ಗೊಂದಲದಲ್ಲಿ ಗುರುತಿಸದೆ ಹೋದರೆ ಉತ್ತರ 300. ಇದ್ದಕ್ಕಿದ್ದಂತೆ ದುಪ್ಪಟ್ಟು. ಇಂಥ ಸಂಖ್ಯೆಯನ್ನು ಹಿಡಿದು ಬಜೆಟ್ ಕೇಳಿದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ.

ಆಧಾರ್ ಸಂಖ್ಯೆ ತೆಗೆದುಕೊಂಡರೆ ಇದೆಲ್ಲ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಕಾರ್ಡು ಇದ್ದವರು, ಕೊಡಲು ಒಪ್ಪಿದವರು ಕೊಡಲಿ. ಆದರೆ ಕಾರ್ಡು ಮಳೆಯಲ್ಲಿ ಕೊಚ್ಚಿಹೋದವನಿಗೆ, ಚೀಲ ಸಮೇತ ಕಳವಾದವಳಿಗೆ ಅದನ್ನು ಬಾಗಿಲಾಗಿಸಿದರೆ ಯಾರಿಗಾಗಿ ವ್ಯವಸ್ಥೆ ಕಟ್ಟಿದೆವೋ ಅವರೇ ಹೊರಗೆ ಉಳಿಯುತ್ತಾರೆ. ನಮ್ಮ ಆಡಳಿತ ಮನೆಯ ಮೂಲಕವೇ ಮನುಷ್ಯನನ್ನು ಹುಡುಕುತ್ತದೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆ ನಡೆಸಿದಾಗ ಮನೆಗಳನ್ನು ಗುರುತಿಸಿ ಚೀಟಿ ಅಂಟಿಸಿದ್ದು ವಿದ್ಯುತ್ ಮೀಟರ್ ಓದುವವರು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೂ ಮೀಟರ್ ಬೇಕು. ಇದಕ್ಕೆ ಎದುರಾಗಿ ಚುನಾವಣಾ ಆಯೋಗದ ನಿಯಮ ಮಾದರಿಯಾಗಿದೆ: ಮನೆಯಿಲ್ಲದವರು ಮತದಾರರಾಗಲು ವಿಳಾಸದ ದಾಖಲೆ ಕೊಡಬೇಕಿಲ್ಲ. ಮತಗಟ್ಟೆ ಅಧಿಕಾರಿಯೇ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ, ಅವರು ಮಲಗುವ ಜಾಗಕ್ಕೆ ಹೋಗಿ ನೋಡಬೇಕು. ಸಾಬೀತು ಮಾಡುವ ಹೊರೆ ಅಧಿಕಾರಿಯ ಮೇಲೆ, ಮಲಗಿದವನ ಮೇಲಲ್ಲ. ನಮ್ಮ ಪಟ್ಟಿಗೂ ಇದೇ ನಿಯಮ ಬೇಕು.

ಅಮೆರಿಕದ ಮಾನದಂಡದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಬಹುತೇಕ ಪ್ರಶ್ನೆಗಳಿಗೆ ಗೊತ್ತಿಲ್ಲ, ಹೇಳಲು ಇಷ್ಟವಿಲ್ಲ ಎಂಬ ಉತ್ತರಗಳು ಅಲ್ಲಿ ಬೇರೆಬೇರೆ ಆಯ್ಕೆಗಳಾಗಿ ಇವೆ. ಹೆಸರಿನ ಬದಲು ಅಡ್ಡಹೆಸರು ಕೊಟ್ಟರೂ ದಾಖಲಾಗುತ್ತದೆ. ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡದ ತಂತ್ರಾಂಶ ಸುಳ್ಳನ್ನು ಸೃಷ್ಟಿಸುತ್ತದೆ. ರಾತ್ರಿ ಹತ್ತಕ್ಕೆ ಸಾಲು ಬೆಳೆದಾಗ ಮೇಲ್ವಿಚಾರಕ ಏನೋ ಒಂದು ಅಂಕಿ ಒತ್ತಿ ಮುಂದೆ ಹೋಗುತ್ತಾನೆ. ಹೇಳಲು ಇಷ್ಟವಿಲ್ಲ ಎಂಬುದು ನಿಜವಾದ ಮಾಹಿತಿ. ಅದು ಹೆಚ್ಚಿದರೆ ಎಲ್ಲೋ ಭಯ ಇದೆ ಎಂದು ಅರ್ಥ.

ಭಯಕ್ಕೆ ಇಲ್ಲಿ ಕಾರಣವೂ ಇದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಅದರಡಿ ಬೀದಿಯಿಂದ ಜನರನ್ನು ಹಿಡಿದೊಯ್ದು ಇರಿಸಬಹುದು. ಬರೆದುಕೊಳ್ಳಲು ಬಂದವರನ್ನು ಕಂಡರೆ ಹಿಂದೆಯೇ ಗಾಡಿ ಬರುತ್ತದೆಯೇ ಎಂದು ಜನ ಕೇಳುವುದು ಸಹಜ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷದ ಜನವರಿಯಿಂದ ಸತ್ತವರ ಸಂಖ್ಯೆ ಇನ್ನೂರು ದಾಟಿತ್ತು ಎಂಬುದು ಆಮೇಲೆ ಬೆಳಕಿಗೆ ಬಂತು. ಹೊರಹೋದವರು ಎಲ್ಲಿಗೆ ಹೋದರು ಎಂಬ ಕಲಂನಲ್ಲಿ ಮನೆ, ಆಸ್ಪತ್ರೆ, ಬೇರೆ ಕೇಂದ್ರ, ತಿಳಿಯದು, ಮರಣ ಎಂದು ಬರೆದು, ವಾರವಾರವೂ ಕೂಡಿಸಿ ಹಿಂದಿನ ವಾರಗಳೊಂದಿಗೆ ಹೋಲಿಸುವ ವ್ಯವಸ್ಥೆ ಇದ್ದರೆ ಸಂಖ್ಯೆ ಏರುತ್ತಿದೆ ಎಂಬುದು ಮೊದಲ ತಿಂಗಳುಗಳಲ್ಲೇ ಕಾಣುತ್ತದೆ. ಆ ಎಚ್ಚರಿಕೆ ಕೇಂದ್ರದ ಒಳಗಷ್ಟೇ ಉಳಿಯದೆ ಜಿಲ್ಲಾ ಆರೋಗ್ಯಾಧಿಕಾರಿಗೂ ತಾನಾಗಿಯೇ ಹೋಗಬೇಕು. ಈ ಪಟ್ಟಿಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಹಾಗೆಯೇ ಮಾಡಬಾರದ್ದರ ಪಟ್ಟಿ. ಭಿಕ್ಷುಕರನ್ನು ಹಿಡಿಯುವ ಕಾರ್ಯಾಚರಣೆಗೆ ಈ ದಾಖಲೆ ಹೋಗಬಾರದು. ಗಂಡನ ಹೊಡೆತ ತಾಳದೆ ಬಂದ ಹೆಂಗಸಿನ ಇರುನೆಲೆ ಹುಡುಕಾಟದಲ್ಲಿ ಸಿಗಬಾರದು. ಅಮೆರಿಕದಲ್ಲಿ ಕೌಟುಂಬಿಕ ಹಿಂಸೆಯ ಸಂತ್ರಸ್ತರ ಕೇಂದ್ರಗಳು ತಮ್ಮವರ ಗುರುತನ್ನು ಹಂಚಿಕೆಯ ವ್ಯವಸ್ಥೆಗೆ ಹಾಕುವುದನ್ನು ಕಾನೂನೇ ನಿಷೇಧಿಸಿದೆ. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು, ಬಾಗಿಲಿಲ್ಲದವರಿಗೂ ಆ ಹಕ್ಕಿದೆ. ಇನ್ನೊಂದು ಕಡೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಅಲೆದಾಡುವ ಮಾನಸಿಕ ಅಸ್ವಸ್ಥರ ಬಗ್ಗೆ ಕಾಣೆಯಾದವರ ದೂರು ದಾಖಲಿಸಿ ಕುಟುಂಬವನ್ನು ಹುಡುಕುವ ಹೊಣೆಯನ್ನು ಪೊಲೀಸರಿಗೆ ಕೊಟ್ಟಿದೆ. ಕಾಣೆಯಾದವರ ಪಟ್ಟಿಯೊಂದಿಗೆ ಹೋಲಿಕೆ ಆಗಲೇಬೇಕು. ಆದರೆ ಹೊಂದಾಣಿಕೆ ಸಿಕ್ಕಾಗ ಸುದ್ದಿ ಮೊದಲು ತಲುಪಬೇಕಾದದ್ದು ಕೇಂದ್ರದ ಆಪ್ತಸಮಾಲೋಚಕರಿಗೆ. ಅವರು ಆ ವ್ಯಕ್ತಿಯನ್ನು ಕೇಳಿದ ಮೇಲೆ ಮನೆಯವರಿಗೆ.

2027ರ ಜನಗಣತಿಗೆ ಮಾರ್ಚ್ 1ರ ನಡುರಾತ್ರಿ ನಿಗದಿಯಾಗಿದೆ. ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು, ಗುಡಿಯ ಜಗುಲಿ ಅಲ್ಲೇ ಇದೆ. ಇಲ್ಲಿ ಇಂಥ ವ್ಯವಸ್ಥೆ ಕಟ್ಟುವುದಾದರೆ ಟೆಂಡರ್ ಕರೆಯುವ ಮೊದಲು ಒಂದು ಜಾತ್ರೆ ತಿಂಗಳು ಎಲ್ಲವನ್ನೂ ಕಾಗದದಲ್ಲೇ ನಡೆಸಿ ನೋಡಬೇಕು. ರಾಮನಗರದ ನಿಲ್ದಾಣ, ಕೆಂಗಲ್, ಚನ್ನಪಟ್ಟಣದ ಬಸ್ ನಿಲ್ದಾಣ, ಮೂರು ಕಡೆಯೂ ಒಂದೇ ನಮೂನೆ. ಬರೆದುಕೊಳ್ಳುವವರ ಜೊತೆ ಹಿಂದೆ ಬೀದಿಯಲ್ಲಿದ್ದವರೊಬ್ಬರು ಸಂಬಳಕ್ಕೆ ಇರಲಿ. ಅವರಿಗೆ ಜಾಗಗಳೂ ಗೊತ್ತು, ಮುಖಗಳೂ ಗೊತ್ತು. ತಿಂಗಳ ಕೊನೆಗೆ ಒಬ್ಬೊಬ್ಬರ ವಿಷಯದಲ್ಲೂ ಯಾವ ಕಲಂ ಯಾರಿಗೆ ಯಾವ ಸೇವೆ ದೊರಕಿಸಿತು ಎಂದು ನೋಡಿ, ಯಾರಿಗೂ ಏನನ್ನೂ ದೊರಕಿಸದ ಕಲಂಗಳನ್ನು ಹೊಡೆದುಹಾಕಬೇಕು. ಉಳಿದದ್ದನ್ನು ಕಂಪ್ಯೂಟರಿನವರಿಗೆ ಕೊಡಬಹುದು.