ಎಮಿಲಿಯ ಸೀಮೆಯ ಹಾಲು



ಹಾಲು ಒಂದು ರಾತ್ರಿಗೇ ಕೆಡುವ ಪದಾರ್ಥ. ಅದನ್ನೇ ಎರಡು ವರ್ಷ ಮಾಗಿಸಿ ಮಾರುವ ಸೀಮೆಯೊಂದು ಇಟಲಿ ದೇಶದಲ್ಲಿದೆ. ಎಮಿಲಿಯ ಅಂತ ಅದರ ಹೆಸರು. ಉತ್ತರಕ್ಕೆ ಪೊ ನದಿ, ದಕ್ಷಿಣಕ್ಕೆ ಅಪೆನೈನ್ ಬೆಟ್ಟಸಾಲು, ನಡುವೆ ಮೆಕ್ಕಲು ಮಣ್ಣಿನ ಬಯಲು. ಕ್ರಿ.ಪೂ. 187ರಲ್ಲಿ ರೋಮನರು ಹಾಕಿದ ನೆಟ್ಟನೆಯ ರಸ್ತೆಯ ಮೇಲೆ ಪಾರ್ಮ, ರೆಜ್ಜೊ, ಮೊಡೆನ ಪಟ್ಟಣಗಳು ಸಾಲಾಗಿ ನಿಂತಿವೆ.

ಪಾರ್ಮ, ರೆಜ್ಜೊಗಳ ಹೆಸರು ಹೊತ್ತದ್ದೇ ಪಾರ್ಮಿಜಾನೊ ರೆಜ್ಜಾನೊ ಚೀಸು. ಸಂಜೆ ಹಾಲನ್ನು ರಾತ್ರಿಯಿಡೀ ಇಟ್ಟು, ಕೆನೆ ತೆಗೆದು, ಬೆಳಗಿನ ಹಾಲಿಗೆ ಬೆರೆಸಿ, ತಾಮ್ರದ ಕೊಪ್ಪರಿಗೆಯಲ್ಲಿ ಕಾಯಿಸಿ ಒಡೆಸುತ್ತಾರೆ. ಸುಮಾರು 550 ಲೀಟರು ಹಾಲಿಗೆ 40 ಕಿಲೋ ತೂಕದ, ಬೀಸುಕಲ್ಲಿನಂಥ ಒಂದು ಗುಂಡು. ಉಳಿದ ತಿಳಿನೀರನ್ನು ಚೆಲ್ಲುವುದಿಲ್ಲ, ಹಂದಿಗಳಿಗೆ ಕುಡಿಸುತ್ತಾರೆ. ಪಾರ್ಮದ ಹೆಸರಾಂತ ಉಪ್ಪುಮಾಂಸಕ್ಕೂ ಅಂಥ ಹಂದಿಗಳು ಒದಗುತ್ತವೆ.

ಹಲವು ಮನೆಗಳ ಹಾಲು ಒಂದೇ ಕಡೆ ಸೇರುವುದರಿಂದ ನಿಯಮ ಬಿಗಿ. ಹಸುವಿಗೆ ರಸಮೇವು ಕೊಡುವಂತಿಲ್ಲ. ರಸಮೇವು ಹಸುವಿಗೆ ಒಳ್ಳೆಯದೇ. ಆದರೆ ಅದರ ಜೀವಾಣು ಹಾಲಿಗೆ ಸೇರಿದರೆ ತಿಂಗಳುಗಳ ನಂತರ ಚೀಸು ಉಬ್ಬಿ ಬಿರಿಯುತ್ತೆ. ಒಬ್ಬನ ಉದಾಸೀನಕ್ಕೆ ಎಲ್ಲರಿಗೂ ನಷ್ಟ. 12 ತಿಂಗಳಾದ ಮೇಲೆ ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ನೀವು ತೆಂಗಿನಕಾಯಿ ತಟ್ಟಿ ನೋಡ್ತೀರಲ್ಲ, ಹಾಗೆ. ಒಳ್ಳೆಯದಕ್ಕೆ ಮಾತ್ರ ಮುದ್ರೆ.

ಅಲ್ಲೀತನಕ ಖರ್ಚಿಗೆ ಏನು ಮಾಡ್ತಾರೆ ಅಂತೀರಾ? ಚೀಸನ್ನೇ ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕು ಅಲ್ಲುಂಟು.

2012ರ ಮೇ ತಿಂಗಳ ಭೂಕಂಪದಲ್ಲಿ ಉಗ್ರಾಣಗಳ ಹಲಗೆಗಳು ಕುಸಿದು ಲಕ್ಷಾಂತರ ಗುಂಡುಗಳು ನೆಲಕ್ಕುರುಳಿದವು. ಒಡೆದ ಚೀಸನ್ನೂ ಜನ ನಂಬಿ ಕೊಂಡರು. ಹಾಲಿನ ಶುದ್ಧಿ ಕಾಪಾಡಿದವರಿಗೆ ಕಷ್ಟಕಾಲದಲ್ಲಿ ಆ ನಂಬಿಕೆಯೇ ಒದಗಿತು. ನಮ್ಮ ಹಾಲಿನ ಸಂಘಗಳಿಗೂ ಇದು ನೆನಪಿರಲಿ.