ಎಲ್ಲವೂ ಉಷ್ಣವಲ್ಲ

ಉರಿಮೂತ್ರ ಅಂದರೆ ನಂಜನಗೂಡಿನ ಕಡೆ ಮನೆಯಲ್ಲಿ ಸಿಗುವ ಮೊದಲ ಮದ್ದು ಎಳನೀರು. ಮಗಳಿಗೆ ಬಿಳಿಸೆರಗು ಅಂದರೆ ರಾತ್ರಿ ನೆನೆಸಿಟ್ಟ ಮೆಂತ್ಯ, ಇಲ್ಲವೇ ಸಬ್ಬಕ್ಕಿ ಗಂಜಿ. ‘ಉಷ್ಣ ಆಗಿರ್ಬೇಕು ಬುಡು, ತಂಪಾಗಿ ಏನಾರ ಕುಡಿ’ ಎನ್ನುವ ಅಜ್ಜಿಯ ಮಾತು ಎಷ್ಟೋ ಸಲ ಸುಳ್ಳೂ ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ ಮೂತ್ರ ಗಾಢವಾಗಿ ಉರಿಯುತ್ತದೆ, ನೀರು ಕುಡಿದರೆ ಸರಿಹೋಗುತ್ತದೆ. ಮೈನೆರೆದ ಹುಡುಗಿಗೆ ವಾಸನೆ, ತುರಿಕೆ ಇಲ್ಲದೆ ಸ್ವಲ್ಪ ಬಿಳಿಯಾಗಿಯೋ ತಿಳಿಯಾಗಿಯೋ ಸ್ರಾವ ಆಗುವುದು ಕಾಯಿಲೆಯೇ ಅಲ್ಲ. ಎಡವಟ್ಟಾಗುವುದು ಕ್ರಿಮಿಯಿಂದ ಬಂದ ಉರಿಯನ್ನೂ ಇದೇ ಲೆಕ್ಕಕ್ಕೆ ಸೇರಿಸಿಬಿಟ್ಟಾಗ. ಎಳನೀರಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೆಲವು ಸಲ ಉರಿ ತಾನಾಗಿಯೇ ಇಳಿದುಬಿಡುತ್ತದೆ, ಕ್ರಿಮಿ ಮಾತ್ರ ಒಳಗೇ ಉಳಿದು ಮೇಲಕ್ಕೆ ಹತ್ತುತ್ತದೆ.

ಇಂಥ ಉರಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕೂ ಕಾರಣವಾಗಿರಬಹುದು. ಆದರೆ ಹದಿಹರೆಯದವರಿಗೆ ಲೈಂಗಿಕ ಸೋಂಕುಗಳ ಬಗ್ಗೆ ಹೇಳಿಕೊಡಬೇಕು ಎಂದ ಕೂಡಲೇ ‘ನಮ್ಮ ಮಕ್ಕಳಿಗೆ ಅದೆಲ್ಲ ಯಾಕೆ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ.

ಯಾರಿಗೆ ಬರುತ್ತದೆ?

ಸಾಂಕ್ರಾಮಿಕ ರೋಗಗಳ ತಜ್ಞೆ ಪೂರ್ಣಿಮಾ ಮದಿವಣನ್ ಮತ್ತು ಸಂಗಡಿಗರು 2005–06ರಲ್ಲಿ ಮೈಸೂರಿನಲ್ಲಿ 15ರಿಂದ 30 ವರ್ಷದ 898 ಮಹಿಳೆಯರನ್ನು ಪರೀಕ್ಷಿಸಿದರು. ಅವರಲ್ಲಿ ಬಹುತೇಕರು ಗೃಹಿಣಿಯರು. ನೂರಕ್ಕೆ ಸುಮಾರು 11 ಮಂದಿಯಲ್ಲಿ ಜನನಾಂಗದ ಹರ್ಪಿಸ್ ವೈರಸ್ ತಗಲಿದ ಗುರುತು ಸಿಕ್ಕಿತು. ಎಂಟು ಒಂಬತ್ತು ಮಂದಿಯಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ಇತ್ತು. ಸುಮಾರು 19 ಮಂದಿಯಲ್ಲಿ ಯೋನಿಯ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿತ್ತು. ಈ ಕೊನೆಯದು ನೇರವಾಗಿ ಲೈಂಗಿಕ ರೋಗವಲ್ಲದಿದ್ದರೂ ಉಳಿದ ಸೋಂಕುಗಳಿಗೆ ದಾರಿ ಸುಲಭ ಮಾಡಿಕೊಡುತ್ತದೆ.

ಸೋಂಕಿಗೂ ನಡತೆಗೂ ಗಂಟು ಹಾಕುವವರು ಈ ಲೆಕ್ಕವನ್ನು ಗಮನಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20–24 ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ರಾಜ್ಯವು 2016ರಲ್ಲಿ ಕಾನೂನು ತಿದ್ದಿದ ಮೇಲೂ ಊರುಗಳಲ್ಲಿ ಅದು ಪೂರ್ತಿ ನಿಂತಿಲ್ಲ. ಹದಿನಾರಕ್ಕೇ ಮದುವೆಯಾದ ಹುಡುಗಿಗೆ ಸೋಂಕು ತಾಳಿಯ ಜೊತೆಗೇ ಬರಬಹುದು. ಅವಳು ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. ಇನ್ನು ಪ್ರೀತಿಯಲ್ಲಿ ಬಿದ್ದ ಕಾಲೇಜು ಹುಡುಗ ಹುಡುಗಿ, ಕಾರ್ಖಾನೆ ಕೆಲಸಕ್ಕೆಂದು ಊರು ಬಿಟ್ಟ ಹತ್ತೊಂಬತ್ತರ ಯುವಕ, ದೌರ್ಜನ್ಯಕ್ಕೆ ಒಳಗಾದ ಮಗು, ಇವರಲ್ಲಿ ಯಾರನ್ನು ಹಿಡಿಯಬೇಕು ಎಂದು ಕ್ರಿಮಿ ಯೋಚಿಸುವುದಿಲ್ಲ.

ಎಳೆಯ ವಯಸ್ಸಿಗೆ ಅಪಾಯ ಏಕೆ ಹೆಚ್ಚು?

ಗರ್ಭಕೊರಳಿನ ಹೊರಮೈಯನ್ನು ವಯಸ್ಕ ಹೆಣ್ಣಿನಲ್ಲಿ ಹಲವು ಪದರಗಳ ಗಟ್ಟಿ ಜೀವಕೋಶಗಳು ಮುಚ್ಚಿರುತ್ತವೆ. ಹದಿಹರೆಯದಲ್ಲಿ ಆ ಹೊದಿಕೆ ಇನ್ನೂ ಪೂರ್ತಿಯಾಗಿರುವುದಿಲ್ಲ. ಒಳಗಿರಬೇಕಾದ ಒಂದೇ ಪದರದ ತೆಳು ಕೋಶಗಳು ಹೊರಗೆ ತೆರೆದುಕೊಂಡಿರುತ್ತವೆ. ನಾಟಿ ಹಾಕಿ ಇನ್ನೂ ಬೇರೂರದ ಪೈರಿಗೆ ಕೀಟ ಬೇಗ ತಗಲುವ ಹಾಗೆ ಈ ಕೋಶಗಳಿಗೆ ಕ್ಲಮೈಡಿಯಾ, ಗೊನೊರಿಯಾ ಬೇಗ ಅಂಟುತ್ತವೆ. ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಬೇರುಬಿಡುವುದೂ ಈ ಎರಡು ಬಗೆಯ ಕೋಶಗಳು ಕೂಡುವ ಜಾಗದಲ್ಲೇ.

ಯೋನಿಗೆ ತನ್ನದೇ ಕಾವಲೂ ಉಂಟು. ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಅಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತ, ಪಿಎಚ್ ಮಟ್ಟವನ್ನು 4.5ರ ಒಳಗೆ ಇಟ್ಟು, ಹೊರಗಿನ ಕ್ರಿಮಿಗಳನ್ನು ತಡೆಯುತ್ತವೆ. ಸ್ವಚ್ಛತೆಯ ಹೆಸರಿನಲ್ಲಿ ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಸಾಯುವುದು ಈ ಕಾವಲುಗಾರರೇ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದುಕೊಂಡರೆ ಸಾಕು.

ವಾಸಿಯಾಗುವ ನಾಲ್ಕು, ಹತೋಟಿಗೆ ಬರುವ ನಾಲ್ಕು

ಲೈಂಗಿಕ ಸಂಪರ್ಕದಿಂದ ಹರಡುವ ಕ್ರಿಮಿಗಳು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ಎಂಟು ಮುಖ್ಯ. ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ಸೋಂಕುಗಳು ಸರಿಯಾದ ಔಷಧಿಯಿಂದ ಪೂರ್ತಿ ವಾಸಿಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 15–49 ವಯಸ್ಸಿನವರಿಗೆ ಈ ನಾಲ್ಕರಿಂದಲೇ 37.4 ಕೋಟಿ ಹೊಸ ಸೋಂಕು ತಗಲಿತ್ತು. ಇನ್ನುಳಿದ ನಾಲ್ಕು ವೈರಸ್‌ಗಳು: ಹರ್ಪಿಸ್, ಎಚ್‌ಪಿವಿ, ಹೆಪಟೈಟಿಸ್ ಬಿ ಮತ್ತು ಎಚ್‌ಐವಿ.

ಕ್ಲಮೈಡಿಯಾ ಇವುಗಳಲ್ಲಿ ಮಹಾ ಮೌನಿ. ಜೀವಕೋಶದ ಒಳಹೊಕ್ಕು, ಅಲ್ಲೇ ಸಂಖ್ಯೆ ಬೆಳೆಸಿಕೊಂಡು, ಎರಡು ಮೂರು ದಿನಕ್ಕೆ ಕೋಶವನ್ನು ಒಡೆದು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಇಷ್ಟಾದರೂ ಸೋಂಕಿತ ಮಹಿಳೆಯರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗಂಡಸರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಲಕ್ಷಣ ಇರುವುದಿಲ್ಲ. ಸೋಂಕು ಗರ್ಭಕೋಶ ದಾಟಿ ಅಂಡನಾಳಕ್ಕೆ ಹತ್ತಿದರೆ ಅಲ್ಲಿ ಗಾಯವಾಗಿ, ಮಾಯುವಾಗ ನಾಳ ಮುಚ್ಚಿಕೊಳ್ಳಬಹುದು. ಮದುವೆಯಾಗಿ ಐದಾರು ವರ್ಷವಾದರೂ ಮಕ್ಕಳಾಗದೆ, ಊರವರ ಕೊಂಕು ಕೇಳುತ್ತ, ಕಂಡ ದೇವರಿಗೆಲ್ಲ ಹರಕೆ ಹೊರುವ ಕೆಲವರ ಕಷ್ಟದ ಮೂಲ ಹದಿಹರೆಯದಲ್ಲಿ ಗಮನಕ್ಕೇ ಬಾರದ ಇಂಥ ಒಂದು ಸೋಂಕು.

ಗೊನೊರಿಯಾ ಹುಡುಗರಲ್ಲಿ ಹೆಚ್ಚಾಗಿ ಉರಿ, ಕೀವಿನ ರೂಪದಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ಕಾಣಿಸುವುದೇ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗುವವರಿಗೆ ಒಂದು ಎಚ್ಚರಿಕೆ: ಒಂದು ಕಾಲದಲ್ಲಿ ಇದಕ್ಕೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್ ಇಂದು ಬಹುಪಾಲು ಕೆಲಸ ಮಾಡುವುದಿಲ್ಲ, ಗೊನೊರಿಯಾ ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸಿಕೊಂಡಿದೆ.

ಸಿಫಿಲಿಸ್ ಮೋಸಗಾರ. ಸೋಂಕು ತಗಲಿ ಸುಮಾರು ಮೂರು ವಾರಕ್ಕೆ ನೋವೇ ಇಲ್ಲದ ಒಂದು ಹುಣ್ಣು ಏಳುತ್ತದೆ, ಔಷಧಿ ಇಲ್ಲದೆಯೇ ಮಾಯುತ್ತದೆ. ಕೆಲವು ವಾರಗಳ ನಂತರ ಅಂಗೈ ಅಂಗಾಲುಗಳಲ್ಲೂ ಕೆಂಪು ಗಂಧೆಗಳು ಏಳಬಹುದು, ಅವೂ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಆದರೆ ರಕ್ತದಲ್ಲಿ ಉಳಿದ ಸೋಂಕು ಹೃದಯ, ಮೆದುಳುಗಳಿಗೆ ಹೋಗಬಹುದು, ಬಸುರಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಹುದು. ಗರ್ಭಿಣಿಯರಿಗೆ ತಾಯಿ ಕಾರ್ಡಿನ ಜೊತೆಗೇ ಸಿಫಿಲಿಸ್ ಪರೀಕ್ಷೆ ಮಾಡುವುದು ಇದಕ್ಕಾಗಿಯೇ. ಆರಂಭದ ಹಂತದಲ್ಲಾದರೆ ಪೆನ್ಸಿಲಿನ್ನಿನ ಒಂದೇ ಡೋಸ್ ಚುಚ್ಚುಮದ್ದು ಸಾಕು.

ವೈರಸ್‌ಗಳಲ್ಲಿ ಹರ್ಪಿಸ್ ಸೊಂಟದ ಬಳಿಯ ನರಗಂಟಿನಲ್ಲಿ ಅಡಗಿ ಕುಳಿತು ಆಗಾಗ ನೀರುಗುಳ್ಳೆಯಾಗಿ ಮೇಲೇಳುತ್ತದೆ. ಮಾತ್ರೆಯಿಂದ ಅದರ ಹಾವಳಿ ತಗ್ಗುತ್ತದೆ. ಎಚ್‌ಐವಿಗೆ ದಿನವೂ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ, ಅದು ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಇನ್ನು ಹುಸಿ ಭಯಗಳು. ತಿ. ನರಸೀಪುರದ ತಿರುಮಕೂಡಲು ಸಂಗಮದಲ್ಲಿ ಕುಂಭಮೇಳದ ದಿನ ಲಕ್ಷ ಜನ ಒಟ್ಟಿಗೆ ಮುಳುಗು ಹಾಕಿದರೂ ಇವುಗಳಲ್ಲಿ ಯಾವುದೂ ಹರಡುವುದಿಲ್ಲ. ಒಂದೇ ತಟ್ಟೆಯ ಊಟ, ಹಾಸ್ಟೆಲಿನ ಶೌಚಾಲಯ, ಸೊಳ್ಳೆ ಕಡಿತಗಳಿಂದಲೂ ಹರಡುವುದಿಲ್ಲ. ಹುಡುಗರಿಗೆ ನಿದ್ದೆಯಲ್ಲಿ ವೀರ್ಯ ಸ್ಖಲನವಾಗುವುದು ರೋಗವಲ್ಲ. ಬಸ್ ನಿಲ್ದಾಣದ ಗೋಡೆಗಳಲ್ಲಿ ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂದು ಚೀಟಿ ಅಂಟಿಸುವವರು ಬದುಕುವುದು ಈ ಭಯದ ಮೇಲೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ?

ಸರ್ಕಾರಿ ವ್ಯವಸ್ಥೆಯಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಇದೆ. ಲೈಂಗಿಕ ಸೋಂಕಿಗೆ ‘ಸುರಕ್ಷಾ ಕ್ಲಿನಿಕ್’, ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆಗೆ ಐಸಿಟಿಸಿ ಕೇಂದ್ರ. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಹೆಣ್ಣುಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ ಉಂಟು. ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲದಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.

ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬಣ್ಣಬಣ್ಣದ ಔಷಧಿ ಕಿಟ್‌ಗಳನ್ನು ರೂಪಿಸಿತು. ಮೂತ್ರನಾಳ ಅಥವಾ ಗರ್ಭಕೊರಳಿನ ಸ್ರಾವಕ್ಕೆ ಬೂದು, ಯೋನಿಸ್ರಾವಕ್ಕೆ ಹಸಿರು, ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು, ಸೋಂಕಿನಿಂದಾದ ಕಿಬ್ಬೊಟ್ಟೆ ನೋವಿಗೆ ಹಳದಿ. ಆಸ್ಪತ್ರೆಗೆ ಪದೇ ಪದೇ ಓಡಾಡಲು ಕಷ್ಟವಾದವರಿಗೆ ಅದೇ ದಿನ ಔಷಧಿ ಸಿಗುವುದು ಈ ವಿಧಾನದ ಬಲ. ಲಕ್ಷಣವೇ ಇಲ್ಲದವರು ಇದರ ಕಣ್ಣಿಗೆ ಬೀಳದಿರುವುದು ಇದರ ಮಿತಿ. ಆದ್ದರಿಂದ ಸಂದೇಹವಿದ್ದವರು ಉರಿ, ಹುಣ್ಣುಗಳಿಗೆ ಕಾಯದೆ ಪರೀಕ್ಷೆ ಕೇಳಬೇಕು. ಚಿಕಿತ್ಸೆ ಒಬ್ಬರಿಗೆ ಸಾಲದು, ಸಂಗಾತಿಗೂ ಆಗಬೇಕು. ಹೆಂಡತಿ ಮಾತ್ರ ಮಾತ್ರೆ ನುಂಗಿ, ಗಂಡ ‘ನನಗೇನಾಗಿದೆ?’ ಎಂದು ಕುಳಿತರೆ ವಾಸಿಯಾದ ಸೋಂಕು ಮತ್ತೆ ಅವಳಿಗೇ ಬರುತ್ತದೆ.

ಕಾಂಡೋಮ್ ಸರಿಯಾಗಿ ಬಳಸಿದರೆ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾಗಳಿಗೆ ಬಲವಾದ ತಡೆ. ಹರ್ಪಿಸ್, ಎಚ್‌ಪಿವಿಗಳು ಮುಚ್ಚದ ಚರ್ಮದಿಂದಲೂ ದಾಟುವುದರಿಂದ ಅಲ್ಲಿ ರಕ್ಷಣೆ ಅಷ್ಟು ಪೂರ್ತಿಯಲ್ಲ. ಎಚ್‌ಪಿವಿಗೆ ಲಸಿಕೆ ಇದೆ. ಈ ವೈರಸ್ ತರುವ ಗರ್ಭಕೊರಳಿನ ಕ್ಯಾನ್ಸರ್ ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರನ್ನು ಹಿಡಿಯಿತು, ಸುಮಾರು 80 ಸಾವಿರ ಮಂದಿಯನ್ನು ಬಲಿ ಪಡೆಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಸಂಪರ್ಕ ಶುರುವಾಗುವ ಮೊದಲು, 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಫಲ ಅತಿ ಹೆಚ್ಚು. ಹೆಪಟೈಟಿಸ್ ಬಿ ಲಸಿಕೆ ಮಗುವಿನ ಸಾರ್ವತ್ರಿಕ ಲಸಿಕೆಗಳಲ್ಲೇ ಸೇರಿದೆ.

ಕಾನೂನು, ಶಾಲೆ, ಮನೆ

ಒಂದು ಇಕ್ಕಟ್ಟನ್ನು ಮುಚ್ಚಿಡುವಂತಿಲ್ಲ. 18 ತುಂಬದವರ ಜೊತೆ ಲೈಂಗಿಕ ಸಂಪರ್ಕ, ಅವರು ಒಪ್ಪಿದ್ದರೂ, 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ವಿಷಯ ತಿಳಿದ ವೈದ್ಯರು ಪೊಲೀಸರಿಗೆ ಹೇಳಲೇಬೇಕು. ಮಕ್ಕಳನ್ನು ಕಾಪಾಡಲೆಂದೇ ಬಂದ ಈ ಕಾನೂನಿನ ಭಯಕ್ಕೆ ಕೆಲವು ಮಕ್ಕಳು ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯುವುದಿಲ್ಲ. ಅವರಿಗೆ ಗೊತ್ತಿರಬೇಕಾದದ್ದು ಇಷ್ಟು: ವರದಿ ಮಾಡಬೇಕಾಗಿ ಬಂದರೂ ಚಿಕಿತ್ಸೆ ಕೊಡದೆ ಕಳಿಸುವಂತಿಲ್ಲ. ದೌರ್ಜನ್ಯ ನಡೆದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ.

ಶಾಲೆಯಲ್ಲಿ ಹೇಳಿಕೊಡುವ ಯತ್ನವೂ ಸಲೀಸಾಗಿ ನಡೆದಿಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ವಿರುದ್ಧ ದೇಶದಲ್ಲಿ ಗದ್ದಲವೆದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಾಠ ನಿಂತಿತು, ಮೊಬೈಲ್ ಬಂತು. ಮೇಷ್ಟ್ರು ಹೇಳದೆ ಬಿಟ್ಟದ್ದನ್ನು ಇಂದು ಮಕ್ಕಳು ಅರೆಬರೆ ವಿಡಿಯೊಗಳಿಂದ ಕಲಿಯುತ್ತಿದ್ದಾರೆ.

ಹಾಗಾಗಿ ನಂಜನಗೂಡು, ತಿ. ನರಸೀಪುರದ ತಂದೆತಾಯಿಗಳಲ್ಲಿ ಒಂದು ಮನವಿ. ಮಗಳೋ ಮಗನೋ ‘ಉರಿಯುತ್ತಿದೆ’ ಎಂದಾಗ ಎಳನೀರು ಕೊಡಿ, ತಪ್ಪಿಲ್ಲ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ, ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ, ಹಳದಿ ಹಸಿರು ಬಣ್ಣ ಇದ್ದರೆ, ಕಿಬ್ಬೊಟ್ಟೆ ನೋವು, ಹುಣ್ಣು, ಗುಳ್ಳೆ ಕಂಡರೆ ಬೈಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉರಿ ಇಳಿದರೂ ಸಂದೇಹ ಉಳಿದಿದ್ದರೆ ಪರೀಕ್ಷೆ ಮಾಡಿಸಿ. ಬೈದರೆ ಮಗು ಮುಂದಿನ ಸಲ ಹೇಳುವುದಿಲ್ಲ. ವಿಚಾರಣೆ ಆಮೇಲಾದರೂ ನಡೆದೀತು, ಚಿಕಿತ್ಸೆ ತಡವಾಗಬಾರದು.